ಪಳ್ಳಿಯಲ್ಲಿ ಹುಟ್ಟಿದವನು

ನಮ್ಮ ಆಫೀಸಿನಲ್ಲಿ ವರ್ಷಕ್ಕೆ ನಲವತ್ತು ಗಂಟೆ ಕಲಿಯಲೇಬೇಕು. ತಪ್ಪಿದರೆ ಇನ್‌ಕ್ರಿಮೆಂಟಿಗೆ ಕತ್ತರಿ. ಹಾಗಾಗಿ ಮಾರ್ಚ್ ಬಂತೆಂದರೆ ಚೆನ್ನೈನ ಗಿಂಡಿಯಲ್ಲಿರುವ ನಮ್ಮ ಮೂರನೇ ಮಹಡಿಯಲ್ಲಿ ಜ್ಞಾನದಾಹ ಉಕ್ಕುತ್ತದೆ. ಒಂದು ಕೈ ಕಂಪ್ಯೂಟರಿನಲ್ಲಿ 'ನೆಕ್ಸ್ಟ್' ಒತ್ತುತ್ತಿದ್ದರೆ, ಇನ್ನೊಂದು ಮೊಸರನ್ನ ಕಲಸುತ್ತಿರುತ್ತದೆ. ಹೋದ ವರ್ಷ 'ಸಮಯ ನಿರ್ವಹಣೆ'ಯ ಪಾಠವನ್ನು ನಾನು ಮಾರ್ಚ್ 31ರ ರಾತ್ರಿ ಹನ್ನೊಂದೂವರೆಗೆ ಮುಗಿಸಿ ನೂರಕ್ಕೆ 90 ತೆಗೆದೆ.

ಊರನ್ನು ದೂರುವಂತಿಲ್ಲ. ನಮ್ಮ ಗಿಂಡಿಯ ಎಂಜಿನಿಯರಿಂಗ್ ಕಾಲೇಜು 1794ರಲ್ಲಿ ಎಂಟೇ ಹುಡುಗರ ಸರ್ವೆ ಶಾಲೆಯಾಗಿ ಕಣ್ಣುಬಿಟ್ಟದ್ದು. ಐಐಟಿ ಮದ್ರಾಸ್ 2020ರಿಂದ ಆನ್‌ಲೈನಿನಲ್ಲೇ ಡೇಟಾ ಸೈನ್ಸ್ ಕಲಿಸುತ್ತಿದೆ. "ವಯಸ್ಸಿನ ಮಿತಿ ಇಲ್ಲ, ನೀವೂ ಸೇರಿ ಸಾರ್" ಎಂದಳು ನನ್ನ ಮಗಳ ವಯಸ್ಸಿನ ಟೀಮ್ ಲೀಡರ್. ಐವತ್ತಮೂರರಲ್ಲಿ ನನಗೆ ಉಳಿದಿದ್ದ ಒಂದೇ ನೆಪವನ್ನೂ ಐಐಟಿ ಕಿತ್ತುಕೊಂಡಿತು.

ನನಗೆ ತುರ್ತಾಗಿ ಬೇಕಿದ್ದದ್ದು ತಮಿಳು. ಟೀ ಅಂಗಡಿಯಲ್ಲಿ ಸೂತ್ರವೊಂದು ಹೊಳೆಯಿತು: 'ಹ' ತೆಗೆ, 'ಪ' ಹಾಕು. ಹಾಲು ಪಾಲ್, ಹತ್ತು ಪತ್ತು, ಹುಲಿ ಪುಲಿ. ಹಳಗನ್ನಡದಲ್ಲಿ ನಾವೂ ಪಾಲ್ ಎನ್ನುತ್ತಿದ್ದವರೇ. ಆಮೇಲೆ ನಾವು ಹಕಾರಕ್ಕೆ ಹೊರಳಿದೆವು, ಇವರು ಪಕಾರ ಬಿಡಲಿಲ್ಲ. ಕಾಲೇಜಿನ ಕನ್ನಡ ಪಾಠ ನೆನಪಿಸಿಕೊಂಡರೆ ಅರ್ಧ ತಮಿಳು ಬಂದಂತೆಯೇ!

ಆ ಹುಮ್ಮಸ್ಸಿನಲ್ಲಿ ಊಟದ ಹೊತ್ತಿಗೆ ಎಲ್ಲರೆದುರು "ನಾನ್ ಪಳ್ಳಿಯಿಲೆ ಪಿರಂದವನ್" ಎಂದುಬಿಟ್ಟೆ. ಹಳ್ಳಿಯಲ್ಲಿ ಹುಟ್ಟಿದವನು ಎಂಬ ವಿನಯ ನನ್ನದು. ಚಮಚಗಳ ಸದ್ದು ನಿಂತಿತು. ಅಟೆಂಡರ್ ಮಾತ್ರ ಕಳಕಳಿಯಿಂದ ಕೇಳಿದ: "ಅಮ್ಮಾ ಟೀಚರಾ, ಸಾರ್?"

ತಮಿಳಿನಲ್ಲಿ ಪಳ್ಳಿ ಎಂದರೆ ಶಾಲೆ. ಳಕಾರ ಜಾರಿದ್ದರೆ ಹಲ್ಲಿಯ ಹೊಟ್ಟೆಯಲ್ಲಿ ಹುಟ್ಟಿರುತ್ತಿದ್ದೆ ಎಂಬುದನ್ನೂ ಅವನೇ ತಿಳಿಸಿದ.

ಅಂದಿನಿಂದ ಅವನೇ ನನ್ನ ಮೇಷ್ಟ್ರು. ಮೊದಲ ಪಾಠ 'ೞ'. ನಾಲಿಗೆಯನ್ನು ಹಿಂದಕ್ಕೆ ಮಡಚಬೇಕು, ಅಂಗುಳಕ್ಕೆ ತಾಗಿಸಬಾರದು. ಇದೂ ಒಂದು ಕಾಲಕ್ಕೆ ನಮ್ಮದೇ ಅಕ್ಷರ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞಕಾರದ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಪಟ್ಟಿ ಬೇಕಾಯಿತೆಂದರೆ ಜನ ಆಗಲೇ ಮರೆಯತೊಡಗಿದ್ದರೇನೋ. ಅದು ಅಂದಿನ ಕಡ್ಡಾಯ ಟ್ರೈನಿಂಗ್ ಇರಬೇಕು.

ಮೂರು ವಾರ ಲಿಫ್ಟಿನಲ್ಲಿ ಒಬ್ಬನೇ ಇದ್ದಾಗೆಲ್ಲ ಅಭ್ಯಾಸ ಮಾಡಿದೆ. ಒಂದು ಸಂಜೆ ಹಣ್ಣಿನ ಗಾಡಿಯ ಅಕ್ಕನೆದುರು ನಿಂತು "ವಾೞಪ್ಪೞಂ" ಎಂದು ಎರಡೂ ೞಕಾರಗಳನ್ನು ಚೊಕ್ಕವಾಗಿ ಹೊರಳಿಸಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ವಾಯಪ್ಪಯಮಾ!" ಎನ್ನುತ್ತ ಒಂದು ಚಿಪ್ಪು ಕಿತ್ತುಕೊಟ್ಟಳು. ಮದ್ರಾಸಿನ ಬೀದಿಮಾತಿನಲ್ಲಿ ೞ ಎಂದೋ ಕರಗಿ 'ಯ' ಆಗಿದೆಯಂತೆ.

ಈ ಸಲದ ಅಪ್ರೈಸಲ್ ಫಾರಂನಲ್ಲಿ 'ವರ್ಷದಲ್ಲಿ ಕಲಿತ ಹೊಸ ಕೌಶಲ' ಎಂಬ ಕಡೆ 'ಒಂದು ಅಕ್ಷರ' ಎಂದು ಬರೆದೆ. ಸರ್ಟಿಫಿಕೇಟ್ ಲಗತ್ತಿಸಿ ಎಂದು ವಾಪಸ್ ಬಂತು. ಮೇಷ್ಟ್ರನ್ನೇ ಕೇಳೋಣವೆಂದು ಹೋದರೆ ಅವನಿಗೆ ಬಿಡುವಿಲ್ಲ. 'ಸಂವಹನ ಕೌಶಲ'ದ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾಗಿ, ತಲೆತಗ್ಗಿಸಿಕೊಂಡು 'ನೆಕ್ಸ್ಟ್' ಒತ್ತುತ್ತ ಕೂತಿದ್ದ.