ಬೆಂಗಳೂರಿನ ಭಾವನವರಿಗೆ ಹಾಗಲವಾಡಿಯಿಂದ ಒಂದು ಬಹಿರಂಗ ಪತ್ರ

ಪೂಜ್ಯ ಭಾವನವರ ಸನ್ನಿಧಿಗೆ,

ಮೇ ತಿಂಗಳಲ್ಲಿ ಮನೆಮಂದಿಯನ್ನೆಲ್ಲ ಕಡಲಿಗೆ ಕರೆದುಕೊಂಡು ಹೋಗಲು ತಾವು ತೀರ್ಮಾನಿಸಿರುವುದು ತಿಳಿಯಿತು. ಈ ಕಾಗದವನ್ನು ಮನೆಗೇ ಬರೆಯಬಹುದಿತ್ತು. ಆದರೆ ಮನೆಗೆ ಬರೆದದ್ದನ್ನು ಅಕ್ಕ ಮೊದಲು ಓದಿ, ತನಗೆ ಬೇಕಾದಷ್ಟನ್ನೇ ನಿಮಗೆ ದಾಟಿಸುತ್ತಾಳೆ. ಅದಕ್ಕೇ ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ.

ತಾವು ಕಳಿಸಿದ ರೆಸಾರ್ಟಿನ ಬಣ್ಣದ ಹಾಳೆ ನೋಡಿದೆವು. ವರ್ಷವಿಡೀ ಬಿಸಿಲು ಗ್ಯಾರಂಟಿ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಭಾವ, ಅದನ್ನು ಲಂಡನ್ನಿನವರಿಗೆಂದು ಬರೆದಿರಬೇಕು, ಅಂಚೆ ತಪ್ಪಿ ಗುಬ್ಬಿ ತಾಲ್ಲೂಕಿಗೆ ಬಂದಿದೆ. ಹಾಗಲವಾಡಿಯಲ್ಲಿ ಬಿಸಿಲಿಗೆ ಎಂದೂ ಬರ ಬಂದಿಲ್ಲ; ಬರ ಬರುವುದು ನೀರಿಗೆ. ಬೋರ್‌ವೆಲ್ ಕೆಮ್ಮುವ ಮೇ ತಿಂಗಳಲ್ಲಿ ನಮ್ಮ ಪುಕ್ಕಟೆ ಬಿಸಿಲು ಬಿಟ್ಟು, ದುಡ್ಡು ಕೊಟ್ಟು ಇನ್ನೊಂದು ಬಿಸಿಲಿಗೆ ಹೋಗಿ ಕೂರಬೇಕು. ಅಲ್ಲಿಯದು ಬೆವರಿನ ಬಿಸಿಲು ಬೇರೆ. ಮೈಮೇಲಿನ ಅಂಗಿ ಒಣಗುವುದೇ ಇಲ್ಲ.

ಅದೇ ಹಾಳೆಯ ಎರಡನೇ ಚಿತ್ರದಲ್ಲಿ ಎರಡು ತೆಂಗಿನ ಮರ, ನಡುವೆ ಕಟ್ಟಿದ ಜೋಲಿ, ಜೋಲಿಯಲ್ಲಿ ಕಪ್ಪು ಕನ್ನಡಕದ ಗಂಡಸು. ಒಂದು ರಾತ್ರಿಗೆ ಎಷ್ಟು ಎಂಬುದು ಕೆಳಗೆ ಸಣ್ಣಕ್ಷರದಲ್ಲಿದೆ. ರಾಜ್ಯದಲ್ಲಿ ಅತಿ ಹೆಚ್ಚು ತೆಂಗು ಇರುವ ಜಿಲ್ಲೆ ನಮ್ಮ ತುಮಕೂರು. ತಿಪಟೂರಿನ ಕೊಬ್ಬರಿ ದೇಶಕ್ಕೇ ಗೊತ್ತು. ಹುಟ್ಟಿದಾರಭ್ಯ ತೆಂಗಿನ ಮರದ ಕೆಳಗೇ ಇದ್ದವರು ಹೋಗಿ ತೆಂಗಿನ ಮರದ ನೆರಳಿಗೆ ಬಾಡಿಗೆ ಕಟ್ಟುವುದೆಂದರೆ, ತೋಟಕ್ಕೆ ನುಸಿಪೀಡೆ ಬಂದಾಗಲೂ ಇಷ್ಟು ಸಂಕಟವಾಗಿರಲಿಲ್ಲ. ಜೋಲಿ ಬೇಕಾದರೆ ತೋಟದಲ್ಲೇ ಕಟ್ಟಿಕೊಡುತ್ತೇನೆ. ಕಪ್ಪು ಕನ್ನಡಕ ನೀವೇ ತನ್ನಿ.

ಇನ್ನು ದಾರಿಯ ವಿಚಾರ. ನೀವು ನೆಲಮಂಗಲದ ಮೇಲೆ ಕುಣಿಗಲ್ಲಿಗೆ ಬರುತ್ತೀರಿ, ನಾವು ಅಲ್ಲಿಗೆ ಬಂದು ಕಾಯಬೇಕು. ಆಮೇಲೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು. ಬೆಂಗಳೂರಿನವರಿಗೆ ಕಡಲೆಂದರೆ ಅದೊಂದೇ ದಾರಿ. ಶುಕ್ರವಾರ ಸಂಜೆ ಕುಣಿಗಲ್ ಬೈಪಾಸಿನಲ್ಲಿ ನಿಂತರೆ ಅರ್ಧ ರಾಜಧಾನಿಯೇ ಚಡ್ಡಿ ಹಾಕಿಕೊಂಡು ಪಶ್ಚಿಮಕ್ಕೆ ಹೊರಟಿರುವುದು ಕಾಣುತ್ತದೆ. ಆ ದಾರಿಯಲ್ಲಿ ಇನ್ನೊಂದು ಪೇಚಿದೆ. ಸಕಲೇಶಪುರದ ಪಕ್ಕ ಎತ್ತಿನಹೊಳೆ ಇದೆಯಲ್ಲ, ನೇತ್ರಾವತಿಗೆ ಸೇರಿ ಅರಬ್ಬೀ ಸಮುದ್ರಕ್ಕೆ ಹೋಗಬೇಕಾದ ಆ ಹಳ್ಳಗಳ ನೀರನ್ನು ಮೇಲೆತ್ತಿ ಪೂರ್ವಕ್ಕೆ ಹರಿಸುವ 24 ಟಿಎಂಸಿ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಚಾಲನೆ ಸಿಕ್ಕಿತು. ಕಾಲುವೆ ನಮ್ಮ ತಾಲ್ಲೂಕನ್ನು ಹಾದು ಕೋಲಾರದ ದಿಕ್ಕಿಗೆ ಹೋಗಬೇಕು. ಅಂದರೆ ನಾವು ಕಡಲಿಗೆ ಹೊರಟ ಹೊತ್ತಿಗೆ ಕಡಲಿಗೆ ಹೊರಟಿದ್ದ ನೀರು ನಮ್ಮೂರ ಕಡೆ ಹೊರಟಿರುತ್ತದೆ. ಘಾಟಿಯಲ್ಲಿ ಎದುರಾದರೆ ಯಾರು ಯಾರಿಗೆ ದಾರಿ ಬಿಡಬೇಕು?

ನನ್ನ ತಕರಾರು ಕಡಲಿನ ಮೇಲಲ್ಲ, ದಾರಿ ಮತ್ತು ತಿಂಗಳಿನ ಮೇಲೆ. ಗುಬ್ಬಿ, ನಿಟ್ಟೂರಿನ ಮೇಲೆ ಹೋಗುವ ರಸ್ತೆಗೆ ಮೊದಲು 206 ಎಂದು ನಂಬರಿತ್ತು. ತುಮಕೂರಿನಲ್ಲಿ ಶುರುವಾಗಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ ಅದು ಮುಗಿಯುತ್ತಿದ್ದದ್ದು ಹೊನ್ನಾವರದಲ್ಲಿ, ಕಡಲ ಬುಡದಲ್ಲೇ. ನಮ್ಮ ತಾಲ್ಲೂಕಿನ ದಾರಿ ಸಮುದ್ರಕ್ಕೇ ಹೋಗುತ್ತಿರುವಾಗ ಕುಣಿಗಲ್ಲಿಗೆ ಏಕೆ ಬರಲಿ?

ನಿಮ್ಮತ್ತೆಯವರ ಒಪ್ಪಿಗೆಯೂ ಈ ದಾರಿಗೇ ಇದೆ. ಕಡಲೆಂದ ಕೂಡಲೇ ಅವರು ಕೇಳಿದ್ದು, ಅಲ್ಲಿ ಯಾವ ದೇವರಿದೆ ಎಂದು. ನಿಮ್ಮ ದಾರಿ ಹಿಡಿದರೆ ಎಡೆಯೂರು ಸಿದ್ಧಲಿಂಗೇಶ್ವರ, ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು ಎಂದು ಮುಗಿಸುವಷ್ಟರಲ್ಲಿ ರಜೆ ಮುಗಿದು, ಸಮುದ್ರವನ್ನು ಟೆಂಪೊ ಟ್ರಾವೆಲರ್ (ಟಿ.ಟಿ.) ಕಿಟಕಿಯಲ್ಲೇ ನೋಡಬೇಕಾಗುತ್ತದೆ. ನಮ್ಮ ದಾರಿಯಲ್ಲಿ ಸಿಗಂದೂರು ಇದೆ; 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ತಾಪತ್ರಯವೂ ತಪ್ಪಿದೆ. ಆಮೇಲೆ ಜೋಗ, ಇಡಗುಂಜಿ ಗಣಪತಿ, ಮುರ್ಡೇಶ್ವರದ 123 ಅಡಿಯ ಶಿವ. ಇಷ್ಟಕ್ಕೆ ಅವರು ಒಪ್ಪಿದ್ದಾರೆ. ಗೋಕರ್ಣ ಆಮೇಲೆ ಸೇರಿಕೊಳ್ಳುತ್ತದೆ, ಅದು ನನಗೂ ಗೊತ್ತು.

ಊಟದ ಚಿಂತೆ ಬೇಡ. ರಾಗಿ ಹಿಟ್ಟು, ಸ್ಟವ್, ಮುದ್ದೆ ಕೋಲು ನಮ್ಮ ಜೊತೆ ಬರುತ್ತವೆ. ರೆಸಾರ್ಟಿನವರು ಒಪ್ಪುವುದಿಲ್ಲ ಎಂದು ಅಕ್ಕ ಹೇಳಿದಳು. ಅದಕ್ಕೇ ರೆಸಾರ್ಟ್ ಬೇಡ ಎನ್ನುತ್ತಿರುವುದು.

ಒಂದು ಮಾತನ್ನು ಮಾತ್ರ ನಗೆ ಬಿಟ್ಟು ಬರೆಯುತ್ತೇನೆ. ನಮ್ಮ ಹುಡುಗರು ಕೆರೆ, ಬಾವಿಯಲ್ಲಿ ಈಜು ಕಲಿತವರು. ಕೆರೆಯ ನೀರು ಕಾಲೆಳೆಯುವುದಿಲ್ಲ, ಕಡಲು ಎಳೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ಹೋದರು. ಅವರೂ ನಮ್ಮಂತೆ ಬಯಲುಸೀಮೆಯವರೇ. ಅದಕ್ಕೇ ಹೊನ್ನಾವರದ ಕಾಸರಕೋಡಿಗೆ ಹೋಗೋಣ ಎನ್ನುತ್ತೇನೆ. ಶುಚಿ ಮತ್ತು ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ರಾಜ್ಯದ ಎರಡು ತೀರಗಳಿಗೆ ಸಿಕ್ಕಿತು: ಪಡುಬಿದ್ರಿ ಮತ್ತು ಕಾಸರಕೋಡು. ಎರಡನೆಯದು ನಮ್ಮ ರಸ್ತೆಯ ತುದಿಯಲ್ಲೇ ಇದೆ. ಕಾವಲಿನವರು ಸೀಟಿ ಊದಿದರೆ ಮೊದಲು ಮೇಲೆ ಬರಬೇಕಾದವರು ನೀವು ಭಾವ. ನಿಮ್ಮನ್ನು ನೋಡಿ ಹುಡುಗರು ಬರುತ್ತಾರೆ.

ಮೇ ಬೇಡ. ಜೂನ್ ಮೊದಲಾಯಿತೆಂದರೆ ಮಳೆ; ಎರಡು ತಿಂಗಳು ಮೀನುಗಾರರ ದೊಡ್ಡ ದೋಣಿಗಳೇ ಕಡಲಿಗಿಳಿಯುವುದಿಲ್ಲ, ನಾವು ಇಳಿದು ಏನು ಸಾಧಿಸಬೇಕು? ದಸರಾ ರಜೆ ಸರಿ: ಮಳೆ ತಗ್ಗಿರುತ್ತದೆ, ಜೋಗದಲ್ಲಿ ನೀರಿರುತ್ತದೆ, ರಾಗಿ ಇನ್ನೂ ಕುಯ್ಲಿಗೆ ಬಂದಿರುವುದಿಲ್ಲ. ಒಪ್ಪಿಗೆಯಾದರೆ ಹದಿನಾಲ್ಕು ಸೀಟಿನ ಟಿ.ಟಿ. ಈಗಲೇ ಗೊತ್ತು ಮಾಡಿ, ತುಮಕೂರಿನ ಮೇಲೆ ಗುಬ್ಬಿಗೇ ಬಂದುಬಿಡಿ. ಅಡ್ವಾನ್ಸ್ ಸದ್ಯಕ್ಕೆ ನೀವೇ ಕೊಟ್ಟಿರಿ. ಕೊಬ್ಬರಿ ಮಾರಿದ ಮೇಲೆ ಲೆಕ್ಕ ಮಾಡೋಣ.

ಇಂತಿ ನಿಮ್ಮ ಭಾವಮೈದುನ,
ಹಾಗಲವಾಡಿ