ಹೆಸರು ಜ್ವಾಪಾನ, ಕಾಕಾ!

ನಮ್ಮ ಕಲಬುರಗಿ ಮಂದಿ ಊರಿಗೆ ಹೊರಟರೆಂದರೆ ಕಳ್ಳರ ಪಾಡು ದೇವರಿಗೇ ಪ್ರೀತಿ. ರೈಲು ವಾಡಿ ಮುಟ್ಟುವುದರೊಳಗೆ ಟ್ರಂಕಿಗೆ ಸರಪಳಿ, ಸರಪಳಿಗೆ ಕೀಲಿ, ಕೀಲಿಕೈ ಕೊರಳ ದಾರಕ್ಕೆ. ರೊಕ್ಕ ಬನಿಯನ್ನಿನ ಒಳಗಿಸೆಯಲ್ಲಿ. ಚಪ್ಪಲಿ ತಲೆದಿಂಬಿನ ಕೆಳಗೆ. ಇಷ್ಟೆಲ್ಲ ಬಂದೋಬಸ್ತ್ ಮಾಡಿಕೊಂಡ ಕಾಕಾ, ಮರುದಿನ ಮುಂಜಾನೆ ಲಾಡ್ಜಿನ ಹುಡುಗ ‘ಆಧಾರ್ ಜೆರಾಕ್ಸ್ ಕೊಡ್ರಿ’ ಅಂದ ಕೂಡಲೇ, ‘ಒಂದ್ ಸಾಕೇನಪ್ಪ? ಇನ್ನೊಂದ್ ಇಟ್ಕೋ, ಬೇಕಾಗ್ತದ’ ಎಂದು ಎರಡು ಪ್ರತಿ ಕೈಗಿಡುತ್ತಾರೆ. ಹೆಸರು, ಮುಖ, ಹುಟ್ಟಿದ ತಾರೀಖು, ಮನೆ ವಿಳಾಸ, ಹನ್ನೆರಡು ಅಂಕಿ, ಎಲ್ಲ ಹೋಯಿತು. ಚಪ್ಪಲಿ ಮಾತ್ರ ಭದ್ರವಾಗಿದೆ.

ಆ ಹಾಳೆಯಿಂದ ಏನಾದೀತು ಅಂತೀರಾ? ನಿಮ್ಮ ಹೆಸರಲ್ಲಿ ಯಾರೋ ಸಿಮ್ ತೆಗೆಯಬಹುದು. ಆ ಸಿಮ್ಮಿನಿಂದ ಇನ್ಯಾರಿಗೋ ಟೋಪಿ ಬೀಳಬಹುದು. ಆಮೇಲೆ ಪೊಲೀಸರು ಹುಡುಕಿಕೊಂಡು ನಿಮ್ಮ ಮನೆಗೇ ಬರುತ್ತಾರೆ. ವಿಳಾಸ ಸರಿಯಾಗೇ ಇರುತ್ತದಲ್ಲ! ನಮ್ಮ ಊರು ಗುಲ್ಬರ್ಗ ಹೋಗಿ ಕಲಬುರಗಿ ಆಗಲು 2014ರ ನವೆಂಬರ್ 1ರ ತನಕ ಕಾಯಬೇಕಾಯಿತು, ದಿಲ್ಲಿಯ ಒಪ್ಪಿಗೆ ಬೇಕಾಯಿತು. ನಿಮ್ಮ ಹೆಸರು ಇನ್ನೊಬ್ಬನದಾಗಲು ಎರಡು ರೂಪಾಯಿಯ ಜೆರಾಕ್ಸ್ ಸಾಕು.

ಇನ್ನೊಬ್ಬರ ವೇಷ ಹಾಕುವ ಕಸುಬೇನೂ ಹೊಸದಲ್ಲ ಬಿಡಿ. ದಮಯಂತಿಯ ಸ್ವಯಂವರಕ್ಕೆ ನಾಲ್ವರು ದೇವತೆಗಳು ನಳನ ರೂಪದಲ್ಲೇ ಬಂದು ಸಾಲಾಗಿ ಕೂತಿದ್ದರು. ಪುಣ್ಯಾತ್ಗಿತ್ತಿ ಗುರುತಿನ ಚೀಟಿ ಕೇಳಲಿಲ್ಲ. ಯಾರ ಮೈ ಬೆವರಿದೆ, ಯಾರ ರೆಪ್ಪೆ ಬಡಿಯುತ್ತಿದೆ, ಯಾರ ನೆರಳು ನೆಲಕ್ಕೆ ಬಿದ್ದಿದೆ ಎಂದು ನೋಡಿ ಮಾಲೆ ಹಾಕಿದಳು. ಅದೇ ಸ್ವಯಂವರವನ್ನು ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಇಟ್ಟಿದ್ದರೆ ದೇವತೆಗಳೂ ಬೆವರಿನ ಪರೀಕ್ಷೆ ಪಾಸಾಗುತ್ತಿದ್ದರು, ದಮಯಂತಿ ಕೆಡುತ್ತಿದ್ದಳು.

ಈಗ ಕಮಲಾಪುರದ ಬಸ್ ಹತ್ತಿ. 2023ರ ಜೂನ್ 11ಕ್ಕೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಬಂದಾಗಿನಿಂದ ಬಸ್ಸಿನಲ್ಲಿ ಹೆಣ್ಣುಮಕ್ಕಳ ಕೈಯಲ್ಲೆಲ್ಲ ಆಧಾರ್. ಹುಮನಾಬಾದ್ ರಸ್ತೆ ಹಿಡಿಯುತ್ತಲೇ ಕಂಡಕ್ಟರ್ ‘ಕಾರ್ಡ್ ತೆಗೀರಿ ಅವ್ವಾರs’ ಅನ್ನುತ್ತಾನೆ. ಕಿಟಕಿ ಪಕ್ಕದ ಮುದುಕಿ ಎಲೆಅಡಿಕೆ ಸಂಚಿ ಬಿಚ್ಚಿ, ಪ್ಲಾಸ್ಟಿಕ್ ಚೀಲದೊಳಗಿನ ಅರಿವೆ ಬಿಚ್ಚಿ, ಅದರೊಳಗಿನ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸುತ್ತಾಳೆ. ಕಂಡಕ್ಟರ್ ಕೈ ಚಾಚಿದರೆ, ‘ಕಣ್ಣಿಲೆ ನೋಡಪ್ಪ, ಕೈಲೆ ಯಾಕ?’ ಅವನು ನೋಡಿ, ಶೂನ್ಯ ಟಿಕೆಟ್ ಹರಿದು ಕೊಟ್ಟು ಮುಂದೆ ಹೋಗುತ್ತಾನೆ. ಕಾರ್ಡು ಮರಳಿ ಸಂಚಿಯೊಳಗೆ. ನಾನು ಹೇಳಬೇಕೆಂದಿರುವುದನ್ನೆಲ್ಲ ಈ ಅಜ್ಜಿ ಮಾಡಿ ತೋರಿಸಿಬಿಟ್ಟಳು. ತೋರಿಸುವುದು ಬೇರೆ, ಬಿಟ್ಟುಬರುವುದು ಬೇರೆ. ಕಲಿತ ಕಾಕಾಗೆ ಇದು ತಲೆಗೆ ಹತ್ತಲೊಲ್ಲದು.

ಕಮಲಾಪುರದಲ್ಲಿ ಇಳಿದರೆ ಕೆಂಪು ಬಾಳೆಹಣ್ಣು. ಸಿಪ್ಪೆ ಕೆಂಪು, ಒಳಗೆ ಕೆನೆ ಬಣ್ಣ, ಬೆಲೆ ಕೇಳಿದರೆ ನಮ್ಮ ಮುಖವೂ ಸಿಪ್ಪೆಯ ಬಣ್ಣ. ಈ ಹಣ್ಣಿಗೆ ಜಿಐ ಮಾನ್ಯತೆ ಇದೆ. ಬೇರೆ ಊರಿನ ಬಾಳೆಯನ್ನು ‘ಕಮಲಾಪುರದ್ದು’ ಎಂದು ಮಾರಿದರೆ ಕಾನೂನು ಬಂದು ಕೊರಳಪಟ್ಟಿ ಹಿಡಿಯಬಹುದು. ಸಿಪ್ಪೆ ಸುಲಿದರೆ ಮುಗಿದುಹೋಗುವ ಹಣ್ಣಿನ ಹೆಸರಿಗೆ ಇಷ್ಟು ಕಾವಲು! ತಿನ್ನುವವನ ಹೆಸರು ಮಾತ್ರ ಲಾಡ್ಜ್ ಟೇಬಲ್ಲಿನ ಮೇಲೆ, ಚಹಾದ ಕಪ್ಪಿನ ಕೆಳಗೆ.

ಸರಕಾರ ಹೇಳಲಿಲ್ಲ ಅನ್ನಬೇಡಿ. ಹೇಳಿತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಕಂಡಕಂಡಲ್ಲಿ ನಕಲು ಕೊಡಬೇಡಿ, ಪರವಾನಗಿ ಇಲ್ಲದ ಹೋಟೆಲ್ಲು, ಟಾಕೀಸಿನವರು ಅದನ್ನು ಇಸಿದುಕೊಳ್ಳುವಂತಿಲ್ಲ ಎಂದಿತು. ದೇಶವೆಲ್ಲ ಗಾಬರಿ. ಎರಡೇ ದಿನಕ್ಕೆ, 29ರಂದು, ಜನ ತಪ್ಪು ತಿಳಿದಾರೆಂದು ಕೇಂದ್ರ ಸರಕಾರ ಆ ಪ್ರಕಟಣೆಯನ್ನೇ ಹಿಂಪಡೆಯಿತು. ನಂಬರ್ ಕೊಡುವಾಗ ಸಾಮಾನ್ಯ ವಿವೇಕ ಬಳಸಿದರೆ ಸಾಕು ಎಂದಿತು. ಕಾಕಾಗೆ ಅದನ್ನು ಎಲ್ಲಿಂದ ತರೋಣ? ಅದರ ಜೆರಾಕ್ಸ್ ಸಿಗುವುದಿಲ್ಲ.

ಸಿಗುವುದು ಮಾಸ್ಕ್ ಮಾಡಿದ ಆಧಾರ್. ಪ್ರಾಧಿಕಾರದ ಜಾಲತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು; ಮೊದಲ ಎಂಟು ಅಂಕಿ ಮುಚ್ಚಿರುತ್ತವೆ, ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ನಕಲು ಕೊಡಲೇಬೇಕಾದರೆ ಅದನ್ನೇ ಕೊಟ್ಟು, ಮೇಲೆ ಅಡ್ಡಡ್ಡ ‘ಇಂಥ ಲಾಡ್ಜಿಗೆ, ಇಂಥ ತಾರೀಖಿಗೆ’ ಎಂದು ಬರೆಯಿರಿ. ‘ಇದರಾಗ ನಂಬರೇ ಇಲ್ಲಲ್ರಿ’ ಎಂದು ಮ್ಯಾನೇಜರು ಹುಬ್ಬು ಗಂಟಿಕ್ಕಬಹುದು. ನಗುತ್ತ ನಿಂತುಕೊಳ್ಳಿ. ದಾರಿಯಲ್ಲಿ ಮೊಬೈಲ್ ಕಳೆದರೆ ಮೊದಲು ಸಿಮ್ ಬಂದ್ ಮಾಡಿಸಿ, ಆಮೇಲೆ ಅಳಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ರೊಕ್ಕ ಹಾರಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನು. ಮಾವಂದಿರಿಗೆಲ್ಲ ಒಬ್ಬೊಬ್ಬರಾಗಿ ಹೇಳಿ ಮುಗಿಸುವುದರೊಳಗೆ ರೊಕ್ಕ ನಾಲ್ಕು ಖಾತೆ ದಾಟಿರುತ್ತದೆ.

ಬೆರಳಿನದು ಇನ್ನೂ ಫಜೀತಿ. ಆಧಾರ್ ಮೂಲಕ ರೊಕ್ಕ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳಚ್ಚು ಇಷ್ಟಿದ್ದರೆ ಆಯಿತು, ಒಟಿಪಿಯ ಹಂಗಿಲ್ಲ. 2023ರಲ್ಲಿ ನಮ್ಮದೇ ರಾಜ್ಯದಲ್ಲಿ ಕಳ್ಳರು ನೋಂದಣಿಯಾದ ಆಸ್ತಿ ಪತ್ರಗಳಿಂದ ಹೆಬ್ಬೆಟ್ಟಿನ ಗುರುತು ಎತ್ತಿ ಖಾತೆ ಬರಿದು ಮಾಡಿದ್ದರು. ಮನೆ ಕೊಂಡ ಖುಷಿಗೆ ಒತ್ತಿದ ಹೆಬ್ಬೆಟ್ಟು! ಇದಕ್ಕೆ ಮದ್ದೆಂದರೆ ಬಯೋಮೆಟ್ರಿಕ್ ಲಾಕ್: ಬೇಡದಾಗ ಹಾಕುವುದು, ಬೇಕಾದಾಗ ತೆಗೆಯುವುದು.

ಕಮಲಾಪುರದ ಅತ್ತಿ ಶ್ರೀಶೈಲಕ್ಕೆ ಹೊರಟಾಗ ನಾನೇ ಅಕ್ಕರೆಯಿಂದ ಈ ಲಾಕ್ ಹಾಕಿಕೊಟ್ಟೆ. ಯಾತ್ರೆ ಸುಖವಾಗಿ ಮುಗಿಯಿತು. ಮುಂದಿನ ವಾರ ಕಲಬುರಗಿಗೆ ಫೋನು ಬಂತು: ‘ನನ್ನ ಬಳ್ಳಿಗಿ ಕೀಲಿ ಹಾಕೀಯಲ್ಲೋ, ರೇಷನ್ ಅಂಗಡ್ಯಾಗ ನಿಂತೀನಿ, ಥಂಬ್ ತಗೋವಲ್ದು, ತೆಗಿ!’ ತೆಗೆಯಬೇಕೆಂದರೆ ಅವಳ ಮೊಬೈಲಿಗೇ ಒಟಿಪಿ ಬರಬೇಕು. ‘ಸಣ್ಣ ದನಿಲೆ ಹೇಳತ್ತಿ’ ಅಂದೆ. ಅತ್ತಿಗೆ ಸಣ್ಣ ದನಿ ದೇವರು ಕೊಟ್ಟಿಲ್ಲ. ಆರೂ ಅಂಕಿಗಳನ್ನು ಇಡೀ ಸಾಲಿಗೆ ಕೇಳುವಂತೆ ಓದಿದಳು. ಹಿಂದಿನಿಂದ ಯಾರೋ ತಿದ್ದಿದ್ದು ನನಗೂ ಕೇಳಿತು: ‘ಕಡೀದು ಆರಲ್ಲ ಬೇ, ಎಂಟದ. ಚಾಳೀಸು ಹಾಕ್ಕೋ!’