ಬಾಡಿಗೆ ಯಜಮಾನ

ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಒಂದು ಲಾರಿಯಿಂದ ಶುರು ಮಾಡಿದರು ಎಂಬ ಸಂಗತಿ ನಮ್ಮ ತಿಪಟೂರಿನಲ್ಲಿ ಎಷ್ಟು ಸಂಸಾರಗಳ ನಿದ್ದೆ ಕೆಡಿಸಿದೆಯೋ ಲೆಕ್ಕ ಇಟ್ಟವರಿಲ್ಲ. 2022ರಲ್ಲಿ ಅದು ‘ವಿಜಯಾನಂದ’ ಸಿನಿಮಾ ಆಗಿ ಬಂದ ಮೇಲಂತೂ ಕೊಬ್ಬರಿ ಮಂಡಿಯ ಗುಮಾಸ್ತರೂ ಟೀ ಕುಡಿಯುತ್ತ ಹತ್ತು ಚಕ್ರ, ಹನ್ನೆರಡು ಚಕ್ರ ಎಂದು ಮಾತಾಡತೊಡಗಿದರು. ನನ್ನ ಭಾವಮೈದ ಅವರೆಲ್ಲರಿಗಿಂತ ಮುಂದೆ. “ಭಾವ, ಅವರು ಲಾರಿ ಕೊಂಡ್ಕೊಂಡ್ರು. ನಾವು ಅದನ್ನೂ ಕೊಳ್ಳೋದು ಬೇಡ” ಎಂದ.

ಅವನ ಯೋಜನೆ ಪೂರ್ತಿಯಾಗಿ ಒಂದು ಲಗ್ನಪತ್ರಿಕೆಯ ಬೆನ್ನ ಮೇಲೆ ಹಿಡಿಸಿತು. ಲಾರಿ ತಿಂಗಳ ಬಾಡಿಗೆಗೆ, ಡ್ರೈವರ್ ಸಂಬಳಕ್ಕೆ, ಲೋಡು ಮಂಡಿಯವರದ್ದು. ಉಂಡೆ ಕೊಬ್ಬರಿಗೆ ಗಿರಾಕಿ ಹೆಚ್ಚಾಗಿ ಇರುವುದು ಉತ್ತರ ಭಾರತದಲ್ಲಿ. ಹಿರಿಯೂರಿನ ಹತ್ತಿರ 48ನೇ ರಾಷ್ಟ್ರೀಯ ಹೆದ್ದಾರಿಗೆ ಹತ್ತಿಸಿಬಿಟ್ಟರೆ ಹುಬ್ಬಳ್ಳಿ, ಪುಣೆ, ಸೂರತ್, ಜೈಪುರ ಎಂದುಕೊಂಡು, ರಸ್ತೆಯ ನಂಬರು ಕೂಡ ಬದಲಾಗದೆ ದೆಹಲಿ. “ಸ್ಟೀರಿಂಗ್ ತಿರುಗಿಸೋ ಕೆಲಸಾನೂ ಇಲ್ಲ” ಎಂದ. ಡೀಸೆಲ್ಲಿನ ಸಾಲಿನಲ್ಲಿ ಲೀಟರಿಗೆ ಆರು ಕಿಲೋಮೀಟರು ಎಂದು ಬರೆದಿದ್ದ. ಲೋಡು ಹೊತ್ತ ಹತ್ತು ಚಕ್ರದ ಗಾಡಿ ನಾಲ್ಕು ಕೊಟ್ಟರೆ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ದೆಹಲಿ ಇಲ್ಲಿಂದ 2,000 ಕಿಲೋಮೀಟರಿಗೂ ಮೇಲೆ. ಹೋಗುವ ದಾರಿಯೊಂದರಲ್ಲೇ 150 ಲೀಟರಿಗಿಂತ ಹೆಚ್ಚು ಡೀಸೆಲ್ಲು ಲಗ್ನಪತ್ರಿಕೆಯಲ್ಲೇ ಇಂಗಿಹೋಗಿತ್ತು.

ಬಾಡಿಗೆಗೆ ಸಿಕ್ಕ ಲಾರಿಯ ಹಣೆಯ ಮೇಲೆ ‘ಶ್ರೀ ಎಡೆಯೂರು ಸಿದ್ಧಲಿಂಗೇಶ್ವರ ಪ್ರಸನ್ನ’ ಎಂದಿತ್ತು. ಹಿಂದೆ ಅದರ ಒಡೆಯನ ಮಕ್ಕಳ ಹೆಸರು, ಬಣ್ಣಬಣ್ಣದಲ್ಲಿ. ನನ್ನ ಹೆಂಡತಿ ಗಾಡಿಯನ್ನು ಒಂದು ಸುತ್ತು ಬಂದು ನೋಡಿದಳು. “ದುಡ್ಡು ನಮ್ಮದು, ಮಕ್ಕಳು ಅವರದ್ದೇನ್ರೀ?” ಕರಾರಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸ್ಟಾಂಪ್ ಪೇಪರಿನ ಪ್ರಕಾರ ಎಫ್‌ಸಿ, ಪರ್ಮಿಟ್, ಇನ್ಶೂರೆನ್ಸ್, ತೆರಿಗೆ ಒಡೆಯನದು. ಡೀಸೆಲ್ಲು, ಟೋಲು, ಡ್ರೈವರು, ಪಂಕ್ಚರು ನನ್ನವು. ಟೈರಿನ ಬಗ್ಗೆ ಕರಾರು ಬಾಯಿ ಬಿಟ್ಟಿರಲಿಲ್ಲ. ಟೈರು ಮಾತ್ರ ಬಾಯಿ ಬಿಟ್ಟುಕೊಂಡೇ ಬಂದಿತ್ತು. ಮಗಳನ್ನು ಧಾರೆ ಎರೆದುಕೊಟ್ಟ ಮಾವನ ಹಾಗೆ ಒಡೆಯ ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದ. “ಹೇಗಿದೆ? ಆಯಿಲ್ ನೋಡಿದ್ರಾ? ಜಾಸ್ತಿ ಹೊರಿಸಬೇಡಿ, ಅದಕ್ಕೆ ಅಭ್ಯಾಸ ಇಲ್ಲ.”

ಡ್ರೈವರಣ್ಣನನ್ನು ಕೇಳಲೆಂದು ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳು ನನ್ನ ಜೇಬಿನಲ್ಲೇ ಉಳಿದವು. ಕೇಳಿದವನು ಅವನು. ದಿನದ ಬಾಟಾ ಎಷ್ಟು? ಅಡ್ವಾನ್ಸ್ ಎಷ್ಟು? ಕ್ಲೀನರ್ ಇದಾನಾ? ತಾಡಪಾಲು ಹೊಸದಾ? ಕ್ಯಾಬಿನ್ನಿಗೆ ಎಸಿ ಇದೆಯಾ? ಎಸಿ ಎಂದಾಗ ನಾನು ನಕ್ಕೆ, ಅವನು ನಗಲಿಲ್ಲ. 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಎಂಬ ಸುದ್ದಿ ನನಗಿಂತ ಮುಂಚೆ ಅವನಿಗೆ ಮುಟ್ಟಿತ್ತು. ಅವನು ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ ಬಿಡಿ. ಒಂದು ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದವರೆಗೆ ಅವನ ಪಕ್ಕದಲ್ಲಿ ಕೂತು ಹೋದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಇಂಜಿನ್ನು, ನಡುವೆ ನಾವು. ಅವನು ಅಲ್ಲೇ ಉಣ್ಣಬೇಕು, ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಬೇಕು, ಡೀಸೆಲ್ ಕಳ್ಳರ ಸಲುವಾಗಿ ನಿದ್ದೆಯಲ್ಲೂ ಒಂದು ಕಿವಿ ತೆರೆದಿಟ್ಟಿರಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ ದುಡಿಮೆ ಎಂದು ಬರೆಯಿತು. ಜೊತೆಗೇ, ಐದು ಮಂದಿ ಕೆಲಸಗಾರರೂ ಇಲ್ಲದ ಉದ್ಯಮಗಳನ್ನು ಹೊರಗೂ ಬಿಟ್ಟಿತು. ಅಂದರೆ ಕಾಯಿದೆ ಬರೆದವರು ಕೂಡ ನನ್ನನ್ನು ಮಾಲೀಕನೆಂದು ಗಣಿಸಿರಲಿಲ್ಲ.

ಲಾರಿ ಹೊರಟಿತು. ಫಾಸ್ಟ್ಯಾಗಿಗೆ ನನ್ನ ನಂಬರನ್ನೇ ಕೊಟ್ಟಿದ್ದರಿಂದ ಒಂದೊಂದು ಟೋಲು ದಾಟಿದಾಗಲೂ ಮೊಬೈಲು ಟಿಣ್ ಎನ್ನುತ್ತಿತ್ತು. ಟಿಣ್ ಎಂದರೆ ದುಡ್ಡು ಹೋಯಿತು. ಟಿಣ್ ಎನ್ನದಿದ್ದರೆ ಗಾಡಿ ನಿಂತಿದೆ. ಎರಡರಲ್ಲಿ ಯಾವುದು ಹೆಚ್ಚಿನ ನಷ್ಟ ಎಂದು ಯೋಚಿಸುತ್ತ ಮಲಗುವುದು ನನ್ನ ಪಾಲಿನ ರಾತ್ರಿ ಪಾಳಿ.

“ಎಲ್ಲಿದ್ದೀಯಪ್ಪ?”

“ಕೊಲ್ಲಾಪುರ ದಾಟ್ತಾ ಇದೀನಿ ಸಾರ್.”

“ಜಿಪಿಎಸ್‌ನಲ್ಲಿ ನಿಪ್ಪಾಣಿ ಡಾಬಾ ತೋರಿಸ್ತಾ ಇದೆಯಲ್ಲೋ?”

“ಅದು ಹಿಂದೆ ಬರ್ತಾ ಇರ್ಬೇಕು ಸಾರ್.”

ಸ್ವಲ್ಪ ಬೇಗ ಹೋಗಪ್ಪ ಎಂದರೆ ಅವನ ಹತ್ತಿರ ಕಾನೂನಿತ್ತು. ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ವಾಯಿದೆ. “ಸರ್ಕಾರಾನೇ ದಿನಕ್ಕೆ ಇನ್ನೂರು ಸಾಕು ಅಂದಿದೆ. ಅವರಿಗಿಲ್ಲದ ಅವಸರ ನಿಮಗ್ಯಾಕೆ ಸಾರ್?” 2020ರ ಕೊನೆಯವರೆಗೆ ಅದು ನೂರೇ ಇತ್ತಂತೆ. ಆ ಕಾಲದಲ್ಲಿ ನನ್ನನ್ನು ಈ ವ್ಯಾಪಾರಕ್ಕೆ ಇಳಿಸದಿದ್ದುದಕ್ಕೆ ಸಿದ್ಧಲಿಂಗೇಶ್ವರನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಈ ವ್ಯಾಪಾರದ ಜೀವ ಇರುವುದು ರಿಟರ್ನ್ ಲೋಡಿನಲ್ಲಿ. ಖಾಲಿ ಬಂದರೆ ಹೋಗುವಾಗ ಗಳಿಸಿದ್ದನ್ನು ಬರುವಾಗ ಇಂಜಿನ್ನು ಕುಡಿದು ಮುಗಿಸುತ್ತದೆ. ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರದಿಂದ ಫೋನು ಬಂತು. “ನಮ್ಮ ಕಡೆಗೆ ಲೋಡಿಲ್ಲ ಸಾರ್, ನಾಗಪುರಕ್ಕಿದೆ.” ಸರಿ ಎಂದೆ. ನಾಗಪುರದಿಂದ ರಾಯಪುರ; ರಾಯಪುರದಿಂದ ವಿಶಾಖಪಟ್ಟಣ. ಲಾರಿ ಊರಿನ ಕಡೆ ಬರುತ್ತಿದೆಯೋ ಊರನ್ನು ತಪ್ಪಿಸಿಕೊಳ್ಳುತ್ತಿದೆಯೋ ತಿಳಿಯದಾಯಿತು. ನನ್ನ ಜೊತೆ ನಕ್ಷೆ ನೋಡುತ್ತಿದ್ದ ಹೆಂಡತಿ, “ಪುರಿ ಅಲ್ಲೇ ಪಕ್ಕದಲ್ಲಿದೆಯಲ್ಲ, ಜಗನ್ನಾಥನ ಪ್ರಸಾದ ತರೋಕೆ ಹೇಳಿ” ಎಂದಳು. ಅವಳ ಪಕ್ಕ ಎಂದರೆ ನಕ್ಷೆಯಲ್ಲಿ ಒಂದು ಬೆರಳು, ರಸ್ತೆಯಲ್ಲಿ 400 ಕಿಲೋಮೀಟರಿಗೂ ಹೆಚ್ಚು. ನಾನು ಹೇಳಲಿಲ್ಲ. ಬಾಡಿಗೆಯ ಮೀಟರು ಮಾತ್ರ ಇಲ್ಲಿ ಓಡುತ್ತಲೇ ಇತ್ತು.

ಬಂದವನು ಲೆಕ್ಕದ ಚೀಟಿ ಕೊಟ್ಟ. ಹಮಾಲಿ, ಹಗ್ಗ, ಗ್ರೀಸು, ಗಾಳಿ, ಊದುಬತ್ತಿ, ‘ಕೈಗೆ ಕೊಟ್ಟಿದ್ದು’. ಯಾರ ಕೈ ಎಂದು ಕೇಳುವ ಪದ್ಧತಿ ಇಲ್ಲ. ಎಲ್ಲ ಬರೆದಾದ ಮೇಲೆ ಕೊನೆಗೊಂದು ಸಾಲು: ‘ಖರ್ಚು’. ಹಾಗಾದರೆ ಮೇಲಿನದೆಲ್ಲ ಏನಪ್ಪ ಎಂದೆ. “ಅದು ಗಾಡೀದು ಸಾರ್, ಇದು ನಂದು.” ಇಷ್ಟೆಲ್ಲ ಖರ್ಚೂ ನಗದು. ಬರಬೇಕಾದ ಬಾಕಿ ಬಾಡಿಗೆ ಮಾತ್ರ, ಮಾಲು ಇಳಿಸಿಕೊಂಡವರ ಸೀಲಿನ ರಸೀತಿ ಮಂಡಿಗೆ ಬಂದ ಮೇಲೆ, ಅವರಿಗೆ ಪುರುಸೊತ್ತಾದ ಮೇಲೆ. ಅದರಲ್ಲೂ ಶಾರ್ಟೇಜ್ ಹಿಡಿದರು. ಕೊಬ್ಬರಿ ದಾರಿಯಲ್ಲಿ ಒಣಗಿ ತೂಕ ಇಳಿದಿದೆ ಎಂದು ನಾನು. ಯಾರ ಹಲ್ಲಿನ ನಡುವೆ ಒಣಗಿತು ಎಂದು ಅವರು.

ಆದರೂ ತಿಂಗಳ ಕೊನೆಗೆ ಅಷ್ಟಿಷ್ಟು ಉಳಿಯತೊಡಗಿತು, ಆಯುಧಪೂಜೆಯೂ ಬಂತು. ಒಡೆಯ ಸಂಸಾರ ಸಮೇತ ಬಂದಿಳಿದ. ಮಕ್ಕಳು ತಮ್ಮ ಹೆಸರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಹತ್ತು ಚಕ್ರಕ್ಕೂ ನಿಂಬೆಹಣ್ಣು ಬೇಕೆಂದು ಭಾವಮೈದ, ಮುಂದಿನ ಎರಡಕ್ಕೆ ಸಾಕೆಂದು ನಾನು, ಚರ್ಚೆ ನಡೆದಿತ್ತು. ಬೂದುಗುಂಬಳ ಒಡೆಯುವವರು ಯಾರು ಎಂಬ ಮಾತು ಬಂದಾಗ ನಾನು ಪಂಚೆ ಎತ್ತಿಕಟ್ಟಿದೆ. ಆರ್‌ಸಿ ನನ್ನ ಹೆಸರಲ್ಲಿದೆ ಎಂದು ಒಡೆಯ ಮುಂದೆ ಬಂದ. ಓಡಿಸೋನು ನಾನು, ದೃಷ್ಟಿ ತಾಗೋದೂ ನನಗೇ ಎಂದು ಡ್ರೈವರಣ್ಣ ಕಾಯಿ ಕಿತ್ತುಕೊಂಡು ಒಡೆದೇಬಿಟ್ಟ. ಮೊದಲ ಮಂಗಳಾರತಿ ಒಡೆಯನಿಗೆ ಹೋಯಿತು. ಸ್ಟೀರಿಂಗಿನ ಹಾರ ಡ್ರೈವರಣ್ಣನ ಕೊರಳಿಗೆ ಬಿತ್ತು. ಪುರೋಹಿತರು ತಟ್ಟೆ ಹಿಡಿದು ಸುತ್ತ ನೋಡಿದರು.

“ದಕ್ಷಿಣೆ. ಯಜಮಾನರು ಯಾರು?”

ಎಲ್ಲರ ಬೆರಳುಗಳೂ ಒಟ್ಟಿಗೆ ನನ್ನ ಕಡೆ ತಿರುಗಿದವು.